ಕುಕ್ಕರ್‌ನಲ್ಲಿ ನುಚ್ಚು, ಕೊಟ್ಟಿಗೆಯಲ್ಲಿ ಗೊಬ್ಬರ: ಮೆಣಸಿನ ಬಳ್ಳಿಗೆ ಟ್ರೈಕೋಡರ್ಮಾ ಬೆಳೆಸಿದ ಲೆಕ್ಕ

ಮೆಣಸಿನ ಬಳ್ಳಿಗೆ ಟ್ರೈಕೋಡರ್ಮಾ, ಅಂದರೆ ಸೊರಗು ರೋಗದ ರೋಗಾಣುವಿಗೆ ಎದುರು ನಿಲ್ಲುವ ಬೂಸ್ಟು, ಹಾಕುವುದು ನಮ್ಮ ಶಿರಸಿ ಕಡೆ ಹೊಸ ಸಂಗತಿ ಏನಲ್ಲ. ಮೇ ತಿಂಗಳು ಬಂತು ಅಂದರೆ ಗೊಬ್ಬರದ ಅಂಗಡಿಗಳಲ್ಲಿ ಒಂದು ಕೆಜಿ ಪ್ಯಾಕೆಟ್‌ಗಳ ರಾಶಿ ಕಾಣುತ್ತದೆ. ತರುವುದು, ಗೊಬ್ಬರದ ಮೇಲೆ ಉದುರಿಸುವುದು, ಅದೇ ದಿನ ಬುಡಕ್ಕೆ ಹಾಕಿ ಕೈ ತೊಳೆದುಕೊಳ್ಳುವುದು. ನಮ್ಮ ತೋಟದಲ್ಲೂ ಇದೇ ನಡೆದುಕೊಂಡು ಬಂದಿತ್ತು. ಮಳೆಗಾಲದಲ್ಲಿ ಬಳ್ಳಿ ಸೊರಗುವುದು ಮಾತ್ರ ನಿಂತಿರಲಿಲ್ಲ.

ಈ ವರ್ಷ ದಾರಿ ಬದಲಾಯಿಸಿದೆ. ಪ್ಯಾಕೆಟ್ಟಿನೊಳಗೆ ಜೀವ ಇದೆಯಾ ಅಂತ ಮೊದಲು ನೋಡುವುದು. ಇದ್ದರೆ ಅದನ್ನು ನುಚ್ಚಕ್ಕಿಯ ಮೇಲೆ ಬೆಳೆಸುವುದು. ಆಮೇಲೆ ಕೊಟ್ಟಿಗೆ ಗೊಬ್ಬರದಲ್ಲಿ ಹೆಚ್ಚಿಸುವುದು. ಕೊನೆಗೆ ಬುಡಕ್ಕೆ. ಮಾರ್ಚ್ ಕೊನೆಯಲ್ಲಿ ಹಿಡಿದ ಕೆಲಸ ಸೆಪ್ಟೆಂಬರ್‌ನಲ್ಲಿ ಒಂದು ಹಂತಕ್ಕೆ ಬಂದಿದೆ. ಮಾಡಿದ್ದು, ಕೆಟ್ಟಿದ್ದು, ಖರ್ಚಾಗಿದ್ದು ಎಲ್ಲ ಕೆಳಗಿದೆ.

ತೋಟದ ವಿವರ ಇಷ್ಟು. ಮುಕ್ಕಾಲು ಎಕರೆ ಅಡಿಕೆ. ಅಡಿಕೆ ಮರಕ್ಕೇ ಹಬ್ಬಿಸಿದ ಮೆಣಸು ಸುಮಾರು 120 ಬಳ್ಳಿ. ಹೆಚ್ಚಿನವು ಪನ್ನಿಯೂರು-1, ಹಳೆಯವು ಮಲ್ಲಿಗೆಸರ. ಜಂಬಿಟ್ಟಿಗೆ ಮಣ್ಣು, ಮಣ್ಣು ಪರೀಕ್ಷೆಯಲ್ಲಿ ಪಿಎಚ್ 5.3 ಬಂದಿತ್ತು. ಟ್ರೈಕೋಡರ್ಮಾಕ್ಕೆ ಈ ಹುಳಿ ಮಣ್ಣು ತೊಂದರೆ ಇಲ್ಲ, ಅದಕ್ಕೆ ಇಷ್ಟವೇ. ಕೆಳಗಿನ ಮೂಲೆಯಲ್ಲಿ ಮಳೆಗಾಲ ಪೂರ್ತಿ ನೀರು ಜಿನುಗುತ್ತದೆ. ಆ ಮೂಲೆಯ ಕತೆ ಮುಂದೆ ಬರುತ್ತದೆ.

ಹಂತ 1: ಪ್ಯಾಕೆಟ್ ಪರೀಕ್ಷೆ, ಮಾರ್ಚ್ ಕೊನೆ

ಪ್ಯಾಕೆಟ್ ಮೇಲೆ ಒಂದು ಗ್ರಾಂಗೆ 20 ಲಕ್ಷ ಜೀವಕಣ ಅಂತ ಬರೆದಿರುತ್ತದೆ. ತಯಾರಾದ ದಿನ ಅಷ್ಟು ಇದ್ದಿರಬಹುದು. ಅಂಗಡಿಯ ಬಿಸಿಲಿನ ಮೂಲೆಯಲ್ಲಿ ಆರು ತಿಂಗಳು ಕೂತ ಮೇಲೆ ಎಷ್ಟು ಉಳಿದಿದೆ ಅನ್ನುವುದು ಬೇರೆ ಮಾತು. ಬಿಳಿ ಪುಡಿಯನ್ನು ನೋಡಿ ಹೇಳಲು ಆಗುವುದಿಲ್ಲ. ಅದರಲ್ಲಿ ಹೆಚ್ಚಿನ ಪಾಲು ಟಾಲ್ಕ್, ಅಂದರೆ ಮುಖಕ್ಕೆ ಹಚ್ಚುವ ಪೌಡರಿನ ಕಲ್ಲು.

ಪರೀಕ್ಷೆ ಸುಲಭ. ಆಲೂಗಡ್ಡೆಯನ್ನು ಅರ್ಧ ಬೇಯಿಸಿ, ಕುದಿವ ನೀರಲ್ಲಿ ಅದ್ದಿದ ಚಾಕುವಿನಿಂದ ಅರ್ಧ ಇಂಚು ದಪ್ಪದ ಬಿಲ್ಲೆ ಕತ್ತರಿಸಬೇಕು. ಮುಚ್ಚಳ ಇರುವ ಸಣ್ಣ ಸ್ಟೀಲ್ ಡಬ್ಬಿಗಳನ್ನು ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಟ್ಟು ತೆಗೆದು, ಬಿಲ್ಲೆಗಳನ್ನು ಅದರೊಳಗೇ ಮತ್ತೊಮ್ಮೆ ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ ಆರಿಸಬೇಕು. ಒಂದೊಂದು ಬಿಲ್ಲೆಗೆ ಒಂದೊಂದು ಪ್ಯಾಕೆಟ್ಟಿನ ಚಿಟಿಕೆ ಪುಡಿ. ಒಂದು ಬಿಲ್ಲೆಗೆ ಏನೂ ಹಾಕಬಾರದು. ಆ ಖಾಲಿ ಬಿಲ್ಲೆ ಮುಖ್ಯ. ಅದರಲ್ಲೂ ಬೂಸ್ಟು ಬಂದರೆ ಡಬ್ಬಿಯೇ ಸರಿಯಾಗಿ ಬೆಂದಿಲ್ಲ ಅಂತ ಅರ್ಥ.

ಮೂರು ಪ್ಯಾಕೆಟ್ ಹೀಗೆ ನೋಡಿದೆ. ಹೋದ ವರ್ಷದ ಉಳಿಕೆಯಲ್ಲಿ ಏನೂ ಬರಲಿಲ್ಲ, ಬಿಲ್ಲೆ ಲೋಳೆಯಾಯಿತು. ಪೇಟೆಯ ಒಂದು ಅಂಗಡಿಯಿಂದ ಹೊಸದಾಗಿ ತಂದಿದ್ದರಲ್ಲಿ ಕಪ್ಪು ಬೂಸ್ಟು ಎದ್ದಿತು, ಹಸಿರಿನ ಸುದ್ದಿಯೇ ಇಲ್ಲ. ದಿನಾಂಕ ಮುಗಿಯಲು ಅದಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಮೂರನೆಯದು ಕೃಷಿ ವಿಜ್ಞಾನ ಕೇಂದ್ರದಿಂದ ತಂದದ್ದು. ಅದರಲ್ಲಿ ಮೂರನೇ ದಿನಕ್ಕೆ ಹತ್ತಿಯಂಥ ಬಿಳಿ, ಐದನೇ ದಿನಕ್ಕೆ ನಡುವಿನಿಂದ ಕಡು ಹಸಿರು. ಅಂದರೆ ಪ್ರತಿ ವರ್ಷ ಬಳ್ಳಿಗೆ ನಾವು ಸುಮ್ನೆ ಪೌಡರ್ ಹಚ್ಚುತ್ತಿದ್ದೆವೋ ಏನೋ.

ಪ್ಯಾಕೆಟ್ ಕೊಳ್ಳುವವರು ಬೇರೇನೂ ಮಾಡದಿದ್ದರೂ ಈ ಆಲೂಗಡ್ಡೆ ಪರೀಕ್ಷೆ ಮಾಡಿ ಅಂತ ನನ್ನ ಸಲಹೆ. ಖರ್ಚು ಎರಡು ಆಲೂಗಡ್ಡೆ.

ಹಂತ 2: ನುಚ್ಚಿನ ಮೇಲೆ ಹೆಪ್ಪು, ಏಪ್ರಿಲ್

ಮೊಸರಿಗೆ ಹೆಪ್ಪು ಇದ್ದ ಹಾಗೆ ಗೊಬ್ಬರಕ್ಕೂ ಗಟ್ಟಿ ಹೆಪ್ಪು ಬೇಕು. ಪ್ರಯೋಗಾಲಯದವರು ಇದನ್ನು ಜೋಳದ ಕಾಳಿನ ಮೇಲೆ ಬೆಳೆಸುತ್ತಾರೆ. ನಮ್ಮಲ್ಲಿ ಸಿಗುವುದು ನುಚ್ಚಕ್ಕಿ, ಅದರಲ್ಲೇ ಮಾಡಿದೆ.

ಬೇಕಾದ ಸಾಮಾನು: ಹತ್ತು ಲೀಟರಿನ ಹಳೆ ಪ್ರೆಶರ್ ಕುಕ್ಕರ್ (ಗುಜರಿಯಲ್ಲಿ 600 ರೂಪಾಯಿ, ಹೊಸ ಗ್ಯಾಸ್ಕೆಟ್‌ಗೆ 120), ಬಿಸಿ ತಡೆಯುವ ಪಿಪಿ ಕವರ್, ಒಂದಿಂಚಿನ ಪಿವಿಸಿ ಪೈಪಿನಿಂದ ಕತ್ತರಿಸಿದ ಬಳೆಗಳು, ಹತ್ತಿ, ರಬ್ಬರ್ ಬ್ಯಾಂಡ್, ಸ್ಪಿರಿಟ್ ದೀಪ, ಐದು ಮಿಲಿಯ ಸಿರಿಂಜು, ಮಾಸ್ಕ್. ಮಾಮೂಲಿ ಪ್ಲಾಸ್ಟಿಕ್ ಕವರ್ ಕುಕ್ಕರ್‌ನಲ್ಲಿ ಕರಗುತ್ತದೆ, ಅಂಗಡಿಯಲ್ಲಿ ಪಿಪಿ ಅಂತಲೇ ಕೇಳಿ. ಬೇರೆ ಕುಕ್ಕರ್ ಯಾಕೆ ಅಂದರೆ ಆಯಿ ಮೊದಲೇ ಹೇಳಿದ್ದಳು: "ಅನ್ನ ಮಾಡೋ ಕುಕ್ಕರ್ ಮುಟ್ಟಡ ಮಾರಾಯ." ಸರಿಯಾದ ಮಾತೇ. ಇದರಲ್ಲಿ ಬೆಳೆಯುವುದನ್ನು ಅಡುಗೆ ಪಾತ್ರೆಯ ಹತ್ತಿರ ತರಬಾರದು. ಬೇಯಿಸಿದ್ದೆಲ್ಲ ಬಚ್ಚಲ ಒಲೆಯಲ್ಲಿ.

ಮೊದಲ ಬ್ಯಾಚು ಪೂರ್ತಿ ಹಾಳು. ಅನ್ನಕ್ಕೆ ಇಡುವ ಅಂದಾಜಿನಲ್ಲೇ ನೀರು ಹಾಕಿದ್ದರಿಂದ ಕವರಿನೊಳಗೆ ಮುದ್ದೆ ಕಟ್ಟಿತು. ಮುದ್ದೆಯ ಒಳಗೆ ಗಾಳಿ ಹೋಗುವುದಿಲ್ಲ. ಮೇಲೆ ತೆಳ್ಳಗೆ ಬಿಳಿ ಬಂದರೂ ಒಳಗೆಲ್ಲ ಹುಳಿ ವಾಸನೆ, ಅಂದರೆ ಬ್ಯಾಕ್ಟೀರಿಯಾ ಗೆದ್ದಿದೆ. ಸರಿ ಹೋದ ಅಳತೆ ಇದು: ನುಚ್ಚನ್ನು ಎರಡು ಗಂಟೆ ನೆನೆಸಿ, ಬುಟ್ಟಿಯಲ್ಲಿ ಬಸಿದು, ಬಟ್ಟೆಯ ಮೇಲೆ ಅರ್ಧ ಗಂಟೆ ಹರಡಬೇಕು. ಮುಟ್ಟಿದರೆ ಕೈಗೆ ನೀರು ಹತ್ತಬಾರದು. ಹೆಚ್ಚುವರಿ ನೀರು ಒಂದು ಹನಿಯೂ ಬೇಡ. ಒಣ ಲೆಕ್ಕದಲ್ಲಿ ಕವರಿಗೆ 250 ಗ್ರಾಂ. ತುಂಬಾ ಪುಡಿ ನುಚ್ಚು ಬೇಡ, ಅರ್ಧಕ್ಕೆ ಒಡೆದ ಕಾಳು ಒಳ್ಳೆಯದು. ಬೆಂದ ಮೇಲೂ ಕಾಳು ಕಾಳಾಗಿ ಉದುರಬೇಕು.

ಕವರಿನ ಬಾಯಿಯನ್ನು ಪೈಪಿನ ಬಳೆಯೊಳಗಿಂದ ಎಳೆದು ಹೊರಕ್ಕೆ ಮಡಚಿ, ರಬ್ಬರ್ ಬ್ಯಾಂಡ್ ಹಾಕಿ, ಹತ್ತಿ ತುರುಕುವುದು. ಕುಕ್ಕರ್ ತಳದಲ್ಲಿ ಎರಡಿಂಚು ನೀರು, ಅದರ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಕವರ್. ಮೊದಲ ಸೀಟಿ ಬಂದ ಮೇಲೆ ಬೆಂಕಿ ಸಣ್ಣದು ಮಾಡಿ ನಲವತ್ತು ನಿಮಿಷ. ರಾತ್ರಿ ಪೂರ್ತಿ ಮುಚ್ಚಳ ತೆಗೆಯದೆ ಆರಲು ಬಿಡುವುದು.

ಎರಡನೇ ಬ್ಯಾಚಿಗೆ ಬಂದದ್ದು ಕಿತ್ತಳೆ ಬಣ್ಣದ ಬೂಸ್ಟು. ಎರಡೇ ದಿನದಲ್ಲಿ ಹತ್ತಿಯನ್ನೂ ದಾಟಿ ಹೊರಗೆ ಪುಡಿ ಉದುರಿಸಿತು. ಇದು ನ್ಯೂರೋಸ್ಪೋರಾ. ಒಮ್ಮೆ ಕೋಣೆಯಲ್ಲಿ ಹರಡಿದರೆ ವಾರಗಟ್ಟಲೆ ಕಾಡುತ್ತದೆ. ಕಾರಣ ಕುಕ್ಕರ್‌ನಲ್ಲಿ ಹತ್ತಿ ಒದ್ದೆಯಾಗಿದ್ದು. ಒದ್ದೆ ಹತ್ತಿಯ ಮೂಲಕ ಅದು ಸಲೀಸಾಗಿ ಒಳಗೆ ಇಳಿಯುತ್ತದೆ. ಆಮೇಲಿನ ಬ್ಯಾಚುಗಳಲ್ಲಿ ಹತ್ತಿಯ ಮೇಲೆ ಅಲ್ಯೂಮಿನಿಯಂ ಹಾಳೆಯ ಟೋಪಿ ಹಾಕಿದೆ. ಕಿತ್ತಳೆ ಮತ್ತೆ ಬರಲಿಲ್ಲ. ಕೆಟ್ಟ ಕವರನ್ನು ಬಿಚ್ಚಬಾರದು. ಹಾಗೇ ಕುಕ್ಕರಿಗೆ ಹಾಕಿ ಬೇಯಿಸಿ, ನಂತರ ನುಚ್ಚನ್ನು ಹೂಳುವುದು.

ಇನ್ನೊಂದು ಪಾಠ. ಪ್ಯಾಕೆಟ್ ಪುಡಿಯನ್ನು ನೇರ ಕವರಿಗೆ ಹಾಕಿದರೆ ಪುಡಿಯೊಳಗಿನ ಬೇರೆ ಬೂಸ್ಟುಗಳೂ ಜೊತೆಗೇ ಹೊರಡುತ್ತವೆ. ಗೊಬ್ಬರಕ್ಕೆ ಹಾಕಲು ಮಾಡಿದ ಪುಡಿ ಅದು, ಕುಕ್ಕರ್‌ನಷ್ಟು ಶುದ್ಧ ಇರುವುದಿಲ್ಲ. ಅದಕ್ಕೆ ಆಲೂಗಡ್ಡೆ ಬಿಲ್ಲೆಯ ಮೇಲೆ ಚೆನ್ನಾಗಿ ಹಸಿರಾದ ಭಾಗವನ್ನು ಬೆಂಕಿಯಲ್ಲಿ ಕಾಯಿಸಿ ಆರಿಸಿದ ಚಮಚೆಯಿಂದ ಕೆರೆದೆ. ಕುದಿಸಿ ಆರಿಸಿದ ಅರ್ಧ ಲೋಟ ನೀರಿಗೆ ಹಾಕಿದೆ. ಅದನ್ನು ಸಿರಿಂಜಿನಿಂದ ಕವರಿಗೆ ಐದು ಮಿಲಿಯಂತೆ ಬಿಟ್ಟೆ. ದೀಪದ ಪಕ್ಕದಲ್ಲೇ, ಫ್ಯಾನ್ ಆಫ್ ಮಾಡಿ, ಬಾಗಿಲು ಹಾಕಿ. ಮೂರನೇ ದಿನ ಕವರನ್ನು ಹೊರಗಿನಿಂದ ಕೈಯಲ್ಲಿ ಉದುರಿಸಿದರೆ ಬೆಳವಣಿಗೆ ಎಲ್ಲ ಕಡೆ ಸಮ ಆಗುತ್ತದೆ.

ಬೂಸ್ಟಿಗೆ ಕತ್ತಲೆ ಇಷ್ಟ ಅಂದುಕೊಂಡು ಮೊದಲು ಮೆತ್ತಿಯ (ಅಟ್ಟದ) ಮೇಲೆ ಇಟ್ಟಿದ್ದೆ. ವಾರವಾದರೂ ಬಿಳಿ ಬಿಟ್ಟು ಬೇರೆ ಬಣ್ಣ ಇಲ್ಲ. ಜಗಲಿಯ ಕಿಟಕಿ ಹತ್ತಿರ, ನೇರ ಬಿಸಿಲು ಬೀಳದ ಕಡೆ ತಂದಿಟ್ಟ ಎರಡನೇ ದಿನಕ್ಕೆ ಹಸಿರು ತಿರುಗಿತು. ಬೀಜಕಣ ಕಟ್ಟಲು ಟ್ರೈಕೋಡರ್ಮಾಕ್ಕೆ ಬೆಳಕು ಬೇಕು. ನಮಗೆ ಬೇಕಾದ್ದು ಆ ಹಸಿರೇ, ಬರೀ ಬಿಳಿ ಎಳೆ ಬೇಗ ಸಾಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಹಾರಿಸಬೇಡಿ. ಹಸಿರಾದದ್ದೆಲ್ಲ ಟ್ರೈಕೋಡರ್ಮಾ ಅಲ್ಲ. ಅಕ್ಕಿಯ ಮೇಲೆ ಬರುವ ಇನ್ನೊಂದು ಬೂಸ್ಟು ಆಸ್ಪರ್ಜಿಲಸ್ ಫ್ಲೇವಸ್. ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ವಿಷ ಮಾಡುವುದು ಇದೇ. ಅದರ ಬಣ್ಣ ಹಳದಿ ಬೆರೆತ ಹಸಿರು, ಮೊದಲಿನಿಂದಲೂ ಪುಡಿಪುಡಿ. ಟ್ರೈಕೋಡರ್ಮಾ ಮೊದಲು ದಟ್ಟ ಬಿಳಿ, ಆಮೇಲೆ ಕಡು ಹಸಿರು ತೇಪೆ. ನಮ್ಮ ತಳಿಯ ಕವರಿನ ಹತ್ತಿರ ಹೋದರೆ ಸಣ್ಣಗೆ ಕೊಬ್ಬರಿ ವಾಸನೆಯೂ ಬರುತ್ತಿತ್ತು. ಎಲ್ಲ ತಳಿಗೂ ಈ ವಾಸನೆ ಇರುವುದಿಲ್ಲ. ಹಾಗಂತ ಕವರ್ ಬಿಚ್ಚಿ ಮೂಗು ಇಟ್ಟು ನೋಡಬೇಡಿ. ಸಂಶಯ ಬಂದರೆ ಬಿಚ್ಚದೆ ಬೇಯಿಸಿ ಹೂಳಿ. ಒಂದು ಕವರಿನ ನುಚ್ಚಿಗೆ ಎಂಟು ರೂಪಾಯಿ, ಅದಕ್ಕಾಗಿ ಶ್ವಾಸಕೋಶ ಪಣಕ್ಕಿಡಬೇಕಾಗಿಲ್ಲ. ಅಸ್ತಮಾ ಇರುವವರು ಈ ಹಂತವೇ ಬೇಡ, ಒಳ್ಳೆಯ ಪ್ಯಾಕೆಟ್ ಹುಡುಕಿಕೊಳ್ಳಿ.

ಪಕ್ಕದ ಮನೆ ಅತ್ತಿಗೆ ಚಿಪ್ಪಣಬೆ ಬೆಳೆಯುತ್ತಾರೆ. ಅವರಿಗೆ ವಿಷಯ ಗೊತ್ತಾಗಿದ್ದೇ ತಡ, "ನಿನ್ನ ಹಸಿರು ಬೂಸ್ಟು ಈ ಕಡೆ ತರಡ" ಅಂದರು. ಅಣಬೆ ಚೀಲಕ್ಕೆ ಬೀಳುವ ಹಸಿರು ಬೂಸ್ಟು ಇದೇ ಟ್ರೈಕೋಡರ್ಮಾ. ನಮಗೆ ನೆಂಟ, ಅವರಿಗೆ ಕಳ್ಳ. ಅಣಬೆ ಬೆಳೆಯುವ ಮನೆಯಲ್ಲಿ ಈ ಕೆಲಸ ಮಾಡಬೇಡಿ.

ನಡುವೆ ಒಂದು ಡ್ರಮ್

ಬೆಲ್ಲದ ನೀರಿನಲ್ಲೂ ಬೆಳೆಸಬಹುದು ಅಂತ ಹಲವರು ಹೇಳುತ್ತಾರೆ. 200 ಲೀಟರ್ ನೀರು, ಎರಡು ಕೆಜಿ ಬೆಲ್ಲ, ಒಂದು ಕೆಜಿ ಪುಡಿ. ನಾನು ಕಾಲು ಭಾಗದ ಅಳತೆಯಲ್ಲಿ ನೋಡಿದೆ. ನೀರಿನ ಮೇಲೆ ತೆಳು ಪೊರೆ ಬಂತು, ಕೆಳಗೆಲ್ಲ ಕೊಳೆತ ವಾಸನೆ. ಗಾಳಿ ಬೇಕಾದ ಜೀವಿಯನ್ನು ನಿಂತ ನೀರಿಗೆ ಹಾಕಿದರೆ ಇನ್ನೇನಾಗುತ್ತದೆ. ಮೀನಿನ ತೊಟ್ಟಿಯ ಗಾಳಿ ಪಂಪು ಹಾಕಿದವರಿಗೆ ಬಂದಿದೆಯಂತೆ. ನಾನು ಮುಂದುವರಿಸಲಿಲ್ಲ, ಡ್ರಮ್ ನೀರು ತೆಂಗಿನ ಬುಡಕ್ಕೆ ಹೋಯಿತು.

ಜೀವಾಮೃತ ಸಾಲದಾ ಅಂತ ಕೇಳುವವರಿದ್ದಾರೆ. ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಹಿಡಿ ಮಣ್ಣು ಸೇರಿಸಿ ಮಾಡುವ ಅದರಲ್ಲಿ ಎಲ್ಲ ಬಗೆಯ ಜೀವಿಗಳ ಜಾತ್ರೆ ಇರುತ್ತದೆ. ತರಕಾರಿಗೆ ನಾನೂ ಹಾಕುತ್ತೇನೆ. ಸೊರಗು ರೋಗಕ್ಕೆ ಎದುರು ನಿಲ್ಲುವ ಒಬ್ಬನೇ ಬೇಕು ಅಂದಾಗ ಜಾತ್ರೆಯಲ್ಲಿ ಅವನು ಇದ್ದಾನೆ ಅಂತ ಹೇಗೆ ನಂಬುವುದು? ಎರಡನ್ನೂ ಒಂದೇ ದಿನ ಒಂದೇ ಬುಡಕ್ಕೆ ನಾನು ಹಾಕುವುದಿಲ್ಲ.

ಹಂತ 3: ಗೊಬ್ಬರದ ರಾಶಿ, ಮೇ ಮೊದಲ ವಾರ

ಅಳತೆ: ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 90 ಕೆಜಿ, ಬೇವಿನ ಹಿಂಡಿ 10 ಕೆಜಿ, ಹೆಪ್ಪು ಒಂದು ಕೆಜಿ. ಇಂಥ ಮೂರು ರಾಶಿ. ಹಿಂಡಿಯ ಬೆಲೆ ಕೆಜಿಗೆ 38 ರೂಪಾಯಿ.

ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ, ಬಿಸಿಲು ಮಳೆ ಎರಡೂ ಬೀಳದ ಜಾಗ. ಗೊಬ್ಬರಕ್ಕೆ ನೀರು ಚಿಮುಕಿಸಿ ಕಲಸುವುದು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಹೆಪ್ಪನ್ನು ಬಕೆಟ್ ನೀರಿನಲ್ಲಿ ಕದಡಿ ಪದರ ಪದರವಾಗಿ ಚಿಮುಕಿಸಿದೆ. ರಾಶಿಯ ಎತ್ತರ ಒಂದಡಿ ದಾಟಬಾರದು. ಮೇಲೆ ಒದ್ದೆ ಗೋಣಿಚೀಲ.

ಗೊಬ್ಬರ ಕಳಿತಿದೆಯಾ ಅನ್ನುವುದನ್ನು ಕಣ್ಣಳತೆಯಲ್ಲಿ ಬಿಡಬೇಡಿ. ಮೂರನೇ ರಾಶಿಗೆ ಹಳೇ ಗೊಬ್ಬರ ಸಾಲದೆ ಗುಂಡಿಯ ಮೇಲ್ಪದರದ್ದು ಸೇರಿತ್ತು. ಎರಡನೇ ದಿನ ಗೋಣಿ ಎತ್ತಿದರೆ ಹಬೆ. ತೋಟಗಾರಿಕೆ ಸಾಮಾನಿನ ಅಂಗಡಿಯಲ್ಲಿ 250 ರೂಪಾಯಿಗೆ ತಂದ ಕಡ್ಡಿ ಥರ್ಮಾಮೀಟರ್ 52 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಟ್ರೈಕೋಡರ್ಮಾಕ್ಕೆ 25ರಿಂದ 30 ಡಿಗ್ರಿ ಹಿತ. 40ರ ಹತ್ತಿರ ಹೋದರೆ ಬೆಳವಣಿಗೆ ನಿಲ್ಲುತ್ತದೆ, 52ರಲ್ಲಿ ಬದುಕುವ ಆಸೆ ಇಲ್ಲ. ರಾಶಿ ಬಿಚ್ಚಿ ಹರಡಿ, ಹತ್ತು ದಿನ ಆರಲು ಬಿಟ್ಟು, ಬಿಸಿ ಇಳಿದದ್ದು ಖಾತ್ರಿ ಮಾಡಿಕೊಂಡು ಮತ್ತೆ ಹೆಪ್ಪು ಹಾಕಬೇಕಾಯಿತು. ಹೆಚ್ಚುವರಿ ಕವರುಗಳು ಇದ್ದದ್ದಕ್ಕೆ ಬಚಾವ್.

ಇನ್ನೆರಡು ರಾಶಿಗಳಲ್ಲಿ ನಾಲ್ಕನೇ ದಿನ ಗೋಣಿಯ ಕೆಳಗೆ ಬಿಳಿ ಬಲೆ ಕಂಡಿತು. ಐದನೇ ದಿನ ಒಮ್ಮೆ ತಿರುವಿ ಹಾಕಿ ನೀರು ಚಿಮುಕಿಸಿದೆ. ಹತ್ತನೇ ದಿನದ ಹೊತ್ತಿಗೆ ಗೊಬ್ಬರದ ಹೆಂಟೆಗಳ ಮೇಲೆ ಹಸಿರು ತೇಪೆ, ಬೇವಿನ ಹಿಂಡಿಯ ಚೂರುಗಳ ಮೇಲಂತೂ ದಟ್ಟವಾಗಿ. ಒಂದು ರಾಶಿಗೆ ಗೋಣಿ ಸಾಲದೆ ಅರ್ಧ ಭಾಗಕ್ಕೆ ಪ್ಲಾಸ್ಟಿಕ್ ಹಾಳೆ ಮುಚ್ಚಿತ್ತು. ಆ ಅರ್ಧದಲ್ಲಿ ನೀರು ಬೆವರಿ, ಹಸಿರೇ ಬರಲಿಲ್ಲ. ಪ್ಲಾಸ್ಟಿಕ್ಕೇ ಬೇಕು ಅಂದರೆ ತೂತು ಮಾಡಿ ಹಾಕಬೇಕು.

ಹಂತ 4: ಬೋರ್ಡೋ ಜೊತೆ ಹೊಂದಾಣಿಕೆ

ನಮ್ಮಂಥ ಮಿಶ್ರ ತೋಟದಲ್ಲಿ ನಿಜವಾದ ತಲೆಬಿಸಿ ಇದೇ. ಮೆಣಸು ಹಬ್ಬಿರುವುದು ಅಡಿಕೆ ಮರಕ್ಕೆ. ಕೊನೆಗೌಡ, ಅಂದರೆ ಅಡಿಕೆ ಮರ ಹತ್ತುವವನು, ಮರದ ತುದಿಯಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆದರೆ ಅದು ಬಳ್ಳಿಯ ಮೇಲೆ ಸುರಿದು ಬುಡಕ್ಕೇ ಬರುತ್ತದೆ. ಆ ಔಷಧಿಯೇ ಬೋರ್ಡೋ ದ್ರಾವಣ: ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ತಾಮ್ರ ಯಾವ ಬೂಸ್ಟನ್ನೂ ಕೇಳಿ ಕೊಲ್ಲುವುದಿಲ್ಲ.

ಬೋರ್ಡೋ ಬೇಡ ಅನ್ನುವ ಪಂಗಡದವನು ನಾನಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿ, 1910ರಲ್ಲಿ ಅದರ ವರದಿ ಪ್ರಕಟಿಸಿ, ಬೋರ್ಡೋ ಸಿಂಪಡಣೆಯನ್ನು ಮಲೆನಾಡಿನ ರೈತರಿಗೆ ಕಲಿಸಿದರು. ಅದು ಇಲ್ಲದಿದ್ದರೆ ಎಷ್ಟೋ ತೋಟ ಉಳಿಯುತ್ತಿರಲಿಲ್ಲ. ಅಡಿಕೆ ಗೊನೆಗೆ ಕೊಟ್ಟೆ (ಮಳೆ ತಾಗದಂತೆ ಹೊದಿಕೆ) ಕಟ್ಟುವವರಿಗೆ ಈ ಸಮಸ್ಯೆ ಇಲ್ಲ, ಆದರೆ ಕೊಟ್ಟೆ ಕಟ್ಟುವ ಕೈಗಳೇ ಈಗ ಸಿಗುವುದಿಲ್ಲ.

ಮತ್ತೆ ಆಲೂಗಡ್ಡೆ ಬಿಲ್ಲೆ. ಹೆಪ್ಪು ಹಚ್ಚಿದ ಬಿಲ್ಲೆಗಳಿಗೆ ಒಂದೊಂದು ಔಷಧಿಯ ಹನಿ, ತೋಟಕ್ಕೆ ಬಳಸುವ ಅಳತೆಯಲ್ಲೇ. ಬೋರ್ಡೋ ಬಿದ್ದಲ್ಲಿ ಏನೂ ಬೆಳೆಯಲಿಲ್ಲ. ಕಾರ್ಬೆಂಡಜಿಮ್ ಬಿದ್ದ ಬಿಲ್ಲೆ ವಾರವಾದರೂ ಬೋಳು. ಪೊಟ್ಯಾಸಿಯಂ ಫಾಸ್ಫೊನೇಟ್, ಲೀಟರಿಗೆ 3 ಮಿಲಿ ಹಾಕಿದ್ದರಲ್ಲಿ ಹಸಿರು ಎಂದಿನಂತೆ ಬಂತು. ಕೋಝಿಕ್ಕೋಡಿನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಲ್ಲೂ ಟ್ರೈಕೋಡರ್ಮಾ ಜೊತೆಗೆ ನಡೆಯುವ ಔಷಧಿ ಅಂತ ಇರುವುದು ಇದೇ.

ಹಾಗಾಗಿ ಹೀಗೆ ಗೊತ್ತು ಮಾಡಿದೆ. ಗೊಬ್ಬರವನ್ನು ಮೇ ಮೂರನೇ ವಾರ, ಮೊದಲ ಮಳೆ ಬಿದ್ದು ನೆಲ ನೆನೆದ ಮೇಲೆ ಹಾಕುವುದು. ಅದರ ಮೇಲೆ ದಪ್ಪಗೆ ದರಕು, ಅಂದರೆ ಒಣಗಿದ ಎಲೆ. ಅಡಿಕೆಗೆ ಬೋರ್ಡೋ ಜೂನ್ ಮೊದಲ ವಾರ. ತೊಟ್ಟಿಕ್ಕಿದ್ದನ್ನು ದರಕು ಹಿಡಿದುಕೊಳ್ಳಲಿ. ಮೆಣಸಿನ ಬುಡಕ್ಕೆ ತಾಮ್ರ ಸುರಿಯುವುದು ಈ ವರ್ಷ ಇಲ್ಲ, ಬದಲಿಗೆ ಎಲೆಗೆ ಮತ್ತು ಬುಡಕ್ಕೆ ಫಾಸ್ಫೊನೇಟ್.

ಹಂತ 5: ಬುಡಕ್ಕೆ, ಮೇ ಮೂರನೇ ವಾರ

ಬಳ್ಳಿಗೆ ಎರಡೂವರೆ ಕೆಜಿ. ಬುಡದ ಹಳೇ ದರಕು ಕೈಯಲ್ಲಿ ಸರಿಸಿ, ಬುಡದ ಸುತ್ತ ಒಂದಡಿ ಅಗಲಕ್ಕೆ ಹರಡಿ, ತೆಳ್ಳಗೆ ಮೇಲ್ಮಣ್ಣು ಎಳೆದು, ಮತ್ತೆ ದರಕು ಮುಚ್ಚುವುದು. ಗುದ್ದಲಿ ಮುಟ್ಟಲೇ ಇಲ್ಲ. ಮೆಣಸಿನ ಬೇರು ಮೇಲೇ ಇರುತ್ತದೆ. ಬೇರಿಗೆ ಗಾಯ ಮಾಡಿ ಗೊಬ್ಬರ ಕೊಡುವುದು ರೋಗಕ್ಕೆ ಬಾಗಿಲು ತೆರೆದ ಹಾಗೆ. ನೆಲದ ಮೇಲೆ ಹರಿದಾಡುವ ಹಂಬುಗಳನ್ನು ಅದೇ ದಿನ ಕತ್ತರಿಸಿ, ಬೇಕಾದವನ್ನು ಮರಕ್ಕೆ ಎತ್ತಿ ಕಟ್ಟಿದೆವು. ಶೀಘ್ರ ಸೊರಗು ರೋಗದ ರೋಗಾಣು ಫೈಟಾಫ್ತೊರಾ ಮೊದಲು ಹತ್ತುವುದು ಮಣ್ಣಿಗೆ ತಾಗಿದ ಈ ಎಳೆ ಎಲೆಗಳ ಮೂಲಕ. ಮಳೆ ಹನಿ ಸಿಡಿದ ಮಣ್ಣಿನ ಜೊತೆ ಮೇಲೆ ಹಾರುತ್ತದೆ.

ಇಬ್ಬರು ಆಳು, ಒಂದು ದಿನ. ಒಂದು ಸಾಲಿಗೆ ಹೆಪ್ಪಿಲ್ಲದ ಬರೀ ಗೊಬ್ಬರ ಹಾಕಿ ಬಿಟ್ಟೆ, ಹೋಲಿಸಿ ನೋಡಲು. ತಡವಾಗಿ ತಯಾರಾದ ಮೂರನೇ ರಾಶಿ ಮೇ ಕೊನೆಗೆ ಹೋಯಿತು, ಉಳಿದ ಚೂರು ಸಸಿ ಚೀಲಗಳಿಗೆ.

ಹಂತ 6: ಬನಿಯನ್ ಹೂಳಿದ್ದು, ಜೂನ್‌ನಿಂದ ಜುಲೈ ಕೊನೆ

ಮಣ್ಣಿನಲ್ಲಿ ಜೀವ ಎಷ್ಟಿದೆ ಅಂತ ನೋಡಲು ಕೆನಡಾ, ಅಮೆರಿಕದ ರೈತರು ಹತ್ತಿ ಒಳಚಡ್ಡಿ ಹೂಳುತ್ತಾರೆ. ಎರಡು ತಿಂಗಳು ಬಿಟ್ಟು ತೆಗೆದರೆ ಒಳ್ಳೆಯ ಮಣ್ಣಿನಲ್ಲಿ ಇಲಾಸ್ಟಿಕ್ ಮಾತ್ರ ಉಳಿದಿರುತ್ತದೆ. ನಾನು ಅಪ್ಪಯ್ಯನ ಹಳೇ ಬನಿಯನ್ ಒಂದನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಪ್ರತಿ ತುಂಡಿಗೆ ನೈಲಾನ್ ದಾರ ಹೊಲಿದು ಮೂರಿಂಚು ಆಳದಲ್ಲಿ ಹೂತೆ. ದಾರದ ತುದಿ ಮೇಲೆ ಕಾಣುವಂತೆ. ಇಲ್ಲದಿದ್ದರೆ ಮಳೆಗಾಲದ ತೋಟದಲ್ಲಿ ಹುಡುಕಿದ ಹಾಗೇ ಸರಿ.

ಜುಲೈ ಕೊನೆಗೆ ಎಳೆದೆ. ಟ್ರೈಕೋಡರ್ಮಾ ಗೊಬ್ಬರ ಹಾಕಿದ ಬುಡದಲ್ಲಿ ದಾರ ಮತ್ತು ಹೊಲಿಗೆಯ ಅಂಚು ಬಿಟ್ಟು ಏನೂ ಇಲ್ಲ. ಬರೀ ಗೊಬ್ಬರದ ಸಾಲಿನಲ್ಲಿ ಜಾಲರಿಯಂತೆ ತೂತು ತೂತು. ದರಕು ಇಲ್ಲದ ದಾರಿ ಬದಿಯಲ್ಲಿ ಅರ್ಧ ತುಂಡು. ಕೊನೆಯದು, ವರ್ಷಾನುಗಟ್ಟಲೆ ಬೋರ್ಡೋ ಕಲಸಿ ಉಳಿದ ನೀಲಿ ನೀರು ಚೆಲ್ಲುತ್ತಾ ಬಂದ ಹಂಡೆಯ ಜಾಗ. ಅಲ್ಲಿನ ತುಂಡು ಒಗೆದರೆ ಮತ್ತೆ ಹೊಲಿದು ಹಾಕಿಕೊಳ್ಳುವಷ್ಟು ಗಟ್ಟಿ ಇತ್ತು. ಅಪ್ಪಯ್ಯ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕಲಸೋ ಜಾಗ ಗೇಟಿನ ಹೊರಗೆ ಮಾಡ್ಕಳ" ಅಂದ. ಮಾಡಿಯಾಯಿತು.

ಬನಿಯನ್ ಕರಗಿದ್ದರಿಂದ ಅಲ್ಲಿ ಟ್ರೈಕೋಡರ್ಮಾನೇ ಇದೆ ಅಂತ ಹೇಳಲು ಬರುವುದಿಲ್ಲ. ಹತ್ತಿಯ ನಾರು ತಿನ್ನುವ ಜೀವಿಗಳು ಚುರುಕಾಗಿವೆ ಅಂತ ಮಾತ್ರ ತಿಳಿಯುತ್ತದೆ. ಆದರೂ ಬಟ್ಟೆ ತಿನ್ನುವುದರಲ್ಲಿ ಈ ಕುಲ ಹೆಸರುವಾಸಿ. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿ ಡೇರೆಗಳನ್ನು ತಿಂದು ಹಾಕಿದ್ದು ಇದರದೇ ಒಂದು ಜಾತಿ, ಟ್ರೈಕೋಡರ್ಮಾ ರೀಸೈ. ಅದರಿಂದ ತೆಗೆದ ಕಿಣ್ವವನ್ನು ಈಗ ಜೀನ್ಸ್ ಪ್ಯಾಂಟ್ ಮಾಸಿದಂತೆ ಕಾಣಿಸಲು ಬಳಸುತ್ತಾರೆ.

ಹಂತ 7: ಮಳೆಗಾಲ ಏನು ಹೇಳಿತು

ಟ್ರೈಕೋಡರ್ಮಾ ಗೊಬ್ಬರ ಬಿದ್ದ ಸಾಲುಗಳಲ್ಲಿ ಎಲೆ ಹಳದಿಯಾಗಿ ಉದುರಿದ್ದು ಬೆರಳೆಣಿಕೆಯ ಬಳ್ಳಿ. ಬರೀ ಗೊಬ್ಬರದ ಆ ಒಂದೇ ಸಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಬಳ್ಳಿ ಹೋದವು. ಇಷ್ಟಕ್ಕೇ ಗೆದ್ದೆ ಅನ್ನುವುದು ಬೇಡ. ಒಂದು ಸಾಲು, ಒಂದು ಮಳೆಗಾಲ. ಫಾಸ್ಫೊನೇಟ್ ಎಲ್ಲಕ್ಕೂ ಬಿದ್ದಿದೆ, ಹಂಬು ಎತ್ತಿ ಕಟ್ಟಿದ್ದೂ ಎಲ್ಲಕ್ಕೂ.

ಕೆಳಗಿನ ಮೂಲೆಯಲ್ಲಿ ಮಾತ್ರ ಯಾವ ಅನುಮಾನವೂ ಉಳಿಯಲಿಲ್ಲ. ಅಲ್ಲಿನ ಬಳ್ಳಿಗಳಿಗೂ ಅದೇ ಗೊಬ್ಬರ, ಅದೇ ಅಳತೆ. ಜುಲೈ ಜಡಿಮಳೆಯಲ್ಲಿ ಒಂದಾದ ಮೇಲೊಂದು ಸೊರಗಿದವು. ಫೈಟಾಫ್ತೊರಾದ ಕಣಗಳು ನೀರಿನಲ್ಲಿ ಈಜುತ್ತವೆ, ನಮ್ಮವನಿಗೆ ಈಜು ಬರುವುದಿಲ್ಲ. ಬೇರು ನೀರಲ್ಲಿ ಮುಳುಗಿ ಕೂತಿದ್ದರೆ ಅವನಿಗೆ ಉಸಿರೂ ಇಲ್ಲ. ಬಸಿಗಾಲುವೆ ಸರಿ ಇಲ್ಲದ ತೋಟಕ್ಕೆ ಟ್ರೈಕೋಡರ್ಮಾ ತರುವ ದುಡ್ಡಿನಲ್ಲಿ ಮೊದಲು ಕಾಲುವೆ ತೆಗೆಸಿ. ಈಗಾಗಲೇ ಎಲೆ ಉದುರಿಸುತ್ತಿರುವ ಬಳ್ಳಿಯ ಬುಡಕ್ಕೆ ಇದನ್ನು ಸುರಿಯುವುದೂ ದಂಡ, ಅದರ ಕಾಲ ಮುಗಿದಿರುತ್ತದೆ. ನಿಧಾನ ಸೊರಗು ರೋಗದ ಬಳ್ಳಿಗೂ ಇದೊಂದೇ ಸಾಲದು. ಅಲ್ಲಿ ಬೇರನ್ನು ತಿನ್ನುವ ಜಂತುಹುಳುವಿನ ಪಾಲು ಇರುತ್ತದೆ. ಆ ಹುಳುವಿನ ಮೊಟ್ಟೆ ತಿನ್ನುವ ಪೊಚೋನಿಯಾ ಅನ್ನುವ ಶಿಲೀಂಧ್ರ ಬೇರೆಯೇ ಸಿಗುತ್ತದೆ.

ಖರ್ಚು

ಎರಡು ಪ್ಯಾಕೆಟ್ 340, ನುಚ್ಚು 160, ಪಿಪಿ ಕವರ್ 60, ಹತ್ತಿ 50, ಸ್ಪಿರಿಟ್ 40, ಕುಕ್ಕರ್ ಮತ್ತು ಗ್ಯಾಸ್ಕೆಟ್ 720, ಬೇವಿನ ಹಿಂಡಿ 1,140, ಥರ್ಮಾಮೀಟರ್ 250. ಒಟ್ಟು 2,760 ರೂಪಾಯಿ. ಗೊಬ್ಬರ ಮನೆಯದು, ಆಳಿನ ಕೂಲಿ ಬೇರೆ. ಬಳ್ಳಿಗೆ 50 ಗ್ರಾಂನಂತೆ ಪ್ಯಾಕೆಟ್ ಪುಡಿಯನ್ನೇ ಹಾಕಿದ್ದರೆ ಆರು ಕೆಜಿಗೆ 1,080ರಲ್ಲಿ ಮುಗಿಯುತ್ತಿತ್ತು. ಹಾಗಾಗಿ ದುಡ್ಡು ಉಳಿಸಲು ಈ ಕೆಲಸಕ್ಕೆ ಇಳಿಯಬೇಡಿ. ಪಾತ್ರೆ ಪರಡಿ ಇರುವುದರಿಂದ ಮುಂದಿನ ವರ್ಷ 1,600–1,700 ಬೀಳಬಹುದು, ಅದರಲ್ಲೂ ಹಿಂಡಿಯದೇ ಮೂರನೇ ಎರಡು ಪಾಲು. ಇಲ್ಲಿ ಸಿಗುವ ಲಾಭ ಒಂದೇ: ಬುಡಕ್ಕೆ ಹೋಗುತ್ತಿರುವುದು ಜೀವಂತ ಇದೆ ಅಂತ ಕಣ್ಣಾರೆ ಗೊತ್ತಿರುತ್ತದೆ.

ಈಗಿನ ಸ್ಥಿತಿ, ಸೆಪ್ಟೆಂಬರ್

ಎರಡನೇ ಕಂತಿಗೆ ನೂರು ಕೆಜಿಯ ಒಂದೇ ರಾಶಿ ಮಾಡಿದ್ದೇನೆ, ಮೇಲಿನ ಸಾಲುಗಳಿಗೆ ಬಳ್ಳಿಗೆ ಒಂದೊಂದು ಕೆಜಿ. ಹೆಪ್ಪನ್ನು ಕವರಿನಿಂದ ಕವರಿಗೆ ದಾಟಿಸುತ್ತಾ ಹೋದಂತೆ ಹಸಿರು ಬರುವುದು ತಡವಾಗುತ್ತಿದೆ, ಬಿಳಿಯೇ ಜಾಸ್ತಿ. ಅದಕ್ಕೆ ಹಳೆಯದನ್ನು ಎಳೆಯದೆ, ಕೃಷಿ ವಿಜ್ಞಾನ ಕೇಂದ್ರದಿಂದ ಹೊಸ ಪ್ಯಾಕೆಟ್ ತಂದು ಮತ್ತೆ ಆಲೂಗಡ್ಡೆಯಿಂದಲೇ ಶುರು ಮಾಡಿದೆ.

ಕೆಳಗಿನ ಮೂಲೆಗೆ ಎರಡಡಿ ಆಳದ ಬಸಿಗಾಲುವೆ ಗುರುತು ಹಾಕಿಯಾಗಿದೆ. ಅಲ್ಲಿ ಮುಂದಿನ ವರ್ಷ ಬ್ರೆಜಿಲ್ ಹಿಪ್ಪಲಿ ಬೇರಿಗೆ ಕಸಿ ಮಾಡಿದ ಸಸಿ ನೆಡುವುದು. ಆ ಬೇರು ಜೌಗು ತಡೆಯುತ್ತದೆ, ಫೈಟಾಫ್ತೊರಾಕ್ಕೂ ಜಗ್ಗುವುದಿಲ್ಲ. ಕಾಲುವೆ ಕೆಲಸ ದೀಪಾವಳಿಗೆ ಮೊದಲೇ ಮುಗಿಯಬೇಕು. ಆಮೇಲೆ ಅಡಿಕೆ ಕೊಯ್ಲು ಶುರುವಾದರೆ ಆಳು ಸಿಗುವುದಿಲ್ಲ.